ಆಷಾಢದಲ್ಲಿ ಗಂಡನ ಕಾರಿಗೆ ಗುದ್ದಿದೆ

ಫ್ರೆಂಡ್ಸ್, ಆನ್‌ಲೈನ್ ಕಾರ್ ರೇಸಿಗೆ ತಿಂಗಳು ತಿಂಗಳು ಸಬ್‌ಸ್ಕ್ರಿಪ್ಷನ್ ಕಟ್ಟುವುದು ದಂಡ ಎಂದು ಮದುವೆಯಾದಾಗಿನಿಂದ ಗಂಡನ ತಲೆ ತಿಂದವಳು ನಾನೇ. ಆಟದ ಕಾರುಗಳನ್ನು ಬೇರೆ ದುಡ್ಡು ಕೊಟ್ಟು ಕೊಂಡಿದ್ದರೂ, ಸಬ್‌ಸ್ಕ್ರಿಪ್ಷನ್ ನಿಲ್ಲಿಸಿದರೆ ಓಡಿಸುವಂತಿಲ್ಲವಂತೆ! ಈಗ ನಮ್ಮ ಮೊದಲ ಆಷಾಢ. ಅವರು ಮದ್ದೂರಿನಲ್ಲಿ, ನಾನು ಹಲಗೂರಿನ ತವರಿನಲ್ಲಿ. ತಡೆಯಲಾರದೆ ನಾನೂ ಒಂದು ತಿಂಗಳಿಗೆ ಕಟ್ಟಿಬಿಟ್ಟೆ.

ಇವತ್ತು ಬೆಳಿಗ್ಗೆ ಇಬ್ಬರ ಮೊದಲ ರೇಸು. ಸ್ಪೀಕರಿನಲ್ಲಿ ಗಂಡನ ದನಿ ಕೇಳಿ ಅಜ್ಜಿ ಓಡಿಬಂದಳು.

"ಆಸಾಡದಲ್ಲಿ ಅಳಿಮಯ್ಯ ಇಲ್ಲಿಗ್ಯಾಕ್ ಬಂದವ್ರೆ?"

"ಬಂದಿಲ್ಲ ಅಜ್ಜಿ. ಈ ಕೆಂಪು ಕಾರು ನಂದು, ಮುಂದಿರೋ ನೀಲಿ ಅವರದು."

ಅಜ್ಜಿ ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿದಳು. "ಅಂಗಾರೆ ದೂರ್ದಲ್ಲೇ ಓಡ್ಸು ಕಣವ್ವ. ಮುಟ್ಟಿಸ್‌ಬ್ಯಾಡ!"

ನಗು ಬಂದು ಕೈ ತಪ್ಪಿತು. ತಿರುವಿನಲ್ಲಿ ನೇರವಾಗಿ ಹೋಗಿ ಗಂಡನಿಗೇ ಗುದ್ದಿದೆ.

"ಲೇ, ಮುಟ್ಟಿಸ್ಬೇಡ ಕಣೇ! ಇಬ್ರಿಗೂ ಪಾಯಿಂಟ್ ಹೋಗುತ್ತೆ!" ಎಂದು ಅವರು ಕಿರುಚಿದರು.

"ನೋಡ್ದಾ? ಅಳಿಮಯ್ಯಂಗೂ ಸಾಸ್ತ್ರ ಗೊತ್ತದೆ, ನಿಂಗೇ ಗೊತ್ತಿಲ್ಲ," ಎಂದಳು ಅಜ್ಜಿ.

ಸಬ್‌ಸ್ಕ್ರಿಪ್ಷನ್ ದಂಡ ಎಂದಿದ್ದ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ, ಆದರೆ ಈ ಒಂದು ತಿಂಗಳಿಗೆ ಮಾತ್ರ. ಶ್ರಾವಣದಿಂದ ಗಂಡ ನನಗೆ ಫ್ರೀಯಾಗಿಯೇ ಸಿಗುತ್ತಾರೆ!