ಡಾಂಬರು ರಸ್ತೆಯ ಗೋವಿನಜೋಳ

ಆ ಗುರುವಾರ ನಮ್ಮ ಮನೆಯಲ್ಲಿ ಜಗಳವಾದದ್ದು ಒಂದು ಪ್ಲಗ್ಗಿಗಾಗಿ. ಮಿಕ್ಸರ್ ಹಾಕಲು ನಾನು ಸ್ಕೂಟರಿನ ಚಾರ್ಜರ್ ಕಿತ್ತಿದ್ದೆ.

"ನನ್ನ ಗಾಡೀನ ಉಪಾಸ ಕೆಡವಿ ಚಟ್ನಿ ತಿಂತೀರೇನ್ರಿ?" ಎಂದಳು ಸುಮಂಗಲಾ, ನನ್ನ ಹೆಂಡತಿ.

"ನಾಕ್ ಕಿಲೋಮೀಟರಿಗೆ ಎಷ್ಟ್ ಬೇಕ ಅದಕ್ಕ? ಇದ್ದಷ್ಟರಾಗ ಹೊಕ್ಕೈತಿ ತಗೋ."

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಆಯಿತು, ಚಾರ್ಜಿನಿಂದಲ್ಲ. (ಮೂರು ವಾರ ಅಂಕಣ ಏಕೆ ಬರಲಿಲ್ಲ ಎಂದು ಕೇಳಿದವರಿಗೆ ಇದೇ ಉತ್ತರ.)

ಅವಳು ಪಕ್ಕದ ಊರಿನ ಅಂಗನವಾಡಿ ಟೀಚರ್. ಬೆಳಿಗ್ಗೆ ಆ ಕಡೆಗೆ ಬಸ್ಸಿಲ್ಲ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಈ ಎಲೆಕ್ಟ್ರಿಕ್ ಸ್ಕೂಟರ್ ನೋಡಿದೆವು. "ಲೈಸೆನ್ಸ್ ಬ್ಯಾಡ್ರಿ, ಪೆಟ್ರೋಲ್ ಬ್ಯಾಡ್ರಿ. ಅಗದಿ ಹಗೂರ ಐತ್ರಿ ಅಕ್ಕಾರ, ಎತ್ತಿ ನೋಡ್ರಿ" ಎಂದ ಅಂಗಡಿಯವನು. ಅವಳು ಹಿಂದಿನ ಗಾಲಿ ಎತ್ತಿಯೇ ಬಿಟ್ಟಳು. "ನಮ್ಮನಿಯವ್ರಕಿಂತ ಹಗೂರ ಐತ್ರೀ!" ಅಂಗಡಿಯೆಲ್ಲ ನಕ್ಕಿತು.

ಅದು ಸಿಟಿಯ ರಸ್ತೆಗೆಂದು ಮಾಡಿದ ಗಾಡಿ. ನಮ್ಮ ರಸ್ತೆ ಅದನ್ನು ಮಾಡಿದವರಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತಿತ್ತಲ್ಲ?

ಸುಗ್ಗಿ ಬಂದರೆ ಮಿಶ್ರಿಕೋಟಿಯ ಕಡೆಯ ರಸ್ತೆಗಳು ಅರ್ಧವಾಗುತ್ತವೆ. ಅರ್ಧ ವಾಹನಕ್ಕೆ, ಅರ್ಧ ಒಣಗಲು ಹಾಕಿದ ಗೋವಿನಜೋಳಕ್ಕೆ. ಕಾಳಿನ ಮೇಲೆ ಯಾರೂ ಗಾಡಿ ಹಾಯಿಸಬಾರದೆಂದು ಅಂಚಿಗೆ ಸಾಲಾಗಿ ಕಲ್ಲು. ಹೊಲದಲ್ಲಿ ಕಣ ಮಾಡುವುದನ್ನು ನಾವು ಬಿಟ್ಟೇ ಬಿಟ್ಟೆವು. ಸರ್ಕಾರವೇ ಡಾಂಬರು ಹಾಕಿ ಕಣ ಮಾಡಿಕೊಟ್ಟಿರುವಾಗ ನಮಗೇಕೆ ತೊಂದರೆ?

ಆ ಮಧ್ಯಾಹ್ನ ಎದುರಿಗೆ ಟ್ರ್ಯಾಕ್ಟರ್ ಬಂತು. ಅವಳು ಬಾಜುಕ್ಕೆ ಸರಿದು, ಕಲ್ಲುಗಳ ಸಂದಿನಿಂದ ಜೋಳದ ಮೇಲೆ ಗಾಡಿ ಹಾಯಿಸಿದಳು. ಬೇರೆ ಬೈಕುಗಳು ಹೇಗೋ ದಾಟುತ್ತವೆ. ಆ ಹಗುರ ಗಾಡಿಯ ಸಣ್ಣ ಗಾಲಿಗಳು ಕಾಳಿನ ಮೇಲೆ ಜಾರಿದವು. ತಲೆ ಅಂಚಿನ ಕಲ್ಲಿಗೆ ಬಡಿಯಿತು. ಇಷ್ಟನ್ನೂ ನನಗೆ ಹೇಳಿದವನು ಟ್ರ್ಯಾಕ್ಟರಿನವನು. ಬೇರೆ ಊರಿನವನು. ಅದಕ್ಕೇ ಹೇಳಿದ.

ಊರವರು ಓಡಿ ಬಂದು ಅವಳನ್ನು ಹುಬ್ಬಳ್ಳಿಗೆ ಮುಟ್ಟಿಸಿದರು. ಉಳಿಯಲಿಲ್ಲ. ಅವರ ಆ ಉಪಕಾರ ಮರೆಯುವವನಲ್ಲ. ಆದರೆ ಅಷ್ಟರಲ್ಲಿ ಇನ್ನೊಂದು ಕೆಲಸವೂ ಮುಗಿದಿತ್ತು. ಪೊಲೀಸರು ಹೋಗಿ ನೋಡಿದಾಗ ರಸ್ತೆ ಸ್ವಚ್ಛ. ಒಂದು ಕಾಳಿಲ್ಲ, ಒಂದು ಕಲ್ಲಿಲ್ಲ. ಧೂಳಿನಲ್ಲಿ ಕಸಬರಿಗೆಯ ಗೀರು ಮಾತ್ರ. "ಆಯ ತಪ್ಪಿ ಬಿದ್ದು" ಎಂದು ಬರೆದುಕೊಂಡರು. ಎರಡು ವರ್ಷ ಒಮ್ಮೆಯೂ ಆಯ ತಪ್ಪದವಳು!

ದಿನದ ಕಾರ್ಯಗಳೆಲ್ಲ ಮುಗಿದ ಮೇಲೆ ಚಹಾದಂಗಡಿಗೆ ಹೋಗಿ ಕೇಳಿದೆ. "ಅದು ಯಾರ ಜ್ವಾಳರೀ?"

"ಯಾವ ಜ್ವಾಳರೀ ಸರ್ರ?" ಎಂದ ಒಬ್ಬ, ಕೈಯಲ್ಲಿದ್ದ ಚಹಾದ ಬಸಿಯತ್ತ ನೋಡುತ್ತ.

ನಮ್ಮ ಬಾಜೂ ಮನೆಯ ಬಸಣ್ಣ ಕಾಕಾ ಮಾತ್ರ ನನ್ನ ಮುಖ ನೋಡಿದರು. "ಹ್ವಾದ ಸಲ ನಿಂದೂ ಅಲ್ಲೇ ಇತ್ತಲ್ಲೋ ತಮ್ಮಾ. ಯಾರದ ಅಂತ ತಿಳಕೊಂಡ ಏನ್ ಮಾಡ್ತಿ? ಆಕಿ ಎದ್ದ ಬರ್ತಾಳೇನ?"

ಇತ್ತು. ಕಲ್ಲು ಜೋಡಿಸಿದವನು ನಾನೇ. ಕಾಲಿನಿಂದ ಕಾಳು ತಿರುವಿದವಳು ಅವಳೇ. ನಮ್ಮ ಜೋಳದ ಮೇಲೆ ಯಾರೂ ಬೀಳಲಿಲ್ಲ, ಅಷ್ಟೇ ವ್ಯತ್ಯಾಸ. ಬಿದ್ದಿದ್ದರೆ ನಾನಾದರೂ ಬಾಯಿ ಬಿಡುತ್ತಿದ್ದೆನೇ? ರಾಶಿ ಗೋರಿ ಚೀಲಕ್ಕೆ ತುಂಬಿ ಒಳಗಿಡುತ್ತಿದ್ದೆನೋ ಏನೋ. ಈ ಪ್ರಶ್ನೆ ನನಗೆ ಅನ್ನ ಸೇರಗೊಡುತ್ತಿಲ್ಲ.

ನನಗೆ ಕೇಸು ಬೇಡ. ಪರಿಹಾರವೂ ಬೇಡ. ಯಾರ ಮನೆಯ ಕಸಬರಿಗೆ ಎಂದು ನನ್ನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತು. ಮಾತನಾಡಿಸಲು ಊರೆಲ್ಲ ಬಂತು; ಅಂದರೆ ಆ ಮನೆಯವರೂ ಬಂದಿದ್ದಾರೆ, ನನ್ನ ಕೈ ಹಿಡಿದು ಅತ್ತಿದ್ದಾರೆ, ಚಹಾ ಕುಡಿದು ಹೋಗಿದ್ದಾರೆ.

"ಅದು ನಮ್ಮ ಜ್ವಾಳ" ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ.