ಮರ್ಸುದಿ ಮನೆಯ ಕಿವಿಯುಳ್ಳ ಕ್ಯಾಮೆರಾ

ಸೋಲೋ ಊರಿನ ರೈಲು ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನಲ್ಲಿ ಗಾಡಿಗಳ ಹೆಸರು ಕೂಗಿದ ಮರ್ಸುದಿಗೆ ನಿವೃತ್ತಿ ಸಿಕ್ಕಿದ್ದು ಕೆಲಸದಿಂದ ಮಾತ್ರ, ಕೂಗುವುದರಿಂದಲ್ಲ. ಸ್ನಾನಕ್ಕೆ ಹೊರಟರೆ ಅದನ್ನು ಮನೆಗೆಲ್ಲ ಸಾರುತ್ತಿದ್ದ. ಸ್ನಾನ ಐದು ನಿಮಿಷ ತಡವಾದರೆ ಅದನ್ನೂ. ತಾನು ಹೇಳಿದ್ದಕ್ಕೆ ಯಾರಾದರೂ ಮರುಮಾತು ಆಡಬಹುದು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಪ್ರಯಾಣಿಕರು ಯಾವತ್ತಾದರೂ ಮೈಕಿಗೆ ಉತ್ತರ ಕೊಟ್ಟದ್ದುಂಟೇ?

ಅವನ ಪ್ರಾಣವೆಲ್ಲ ಪಂಜರದ ಮುರೈ ಎಂಬ ಹಾಡುಹಕ್ಕಿಯಲ್ಲಿತ್ತು. ತಿಂಗಳ ಕೊನೆಯ ಭಾನುವಾರ ಮೈದಾನದಲ್ಲಿ ಹಾಡುಹಕ್ಕಿಗಳ ಪಂದ್ಯ. ಅದು ಹತ್ತಿರ ಬರುತ್ತಿದ್ದಂತೆ ಹಕ್ಕಿ ಗಪ್‌ಚಿಪ್ಪಾಯಿತು. ಮರ್ಸುದಿ ಅದರೆದುರು ನಿಂತು ಶಿಳ್ಳೆ ಹಾಕಿ ಹಾಕಿ ತುಟಿ ಒಣಗಿಸಿಕೊಂಡ. ಹಕ್ಕಿ ಅವನು ಕೊಟ್ಟ ಮಿಡತೆ ತಿಂದು, ಬೆನ್ನು ತಿರುಗಿಸಿ ಕೂತಿತು.

“ನೀವು ಹೊರಗೆ ಹೋದಾಗ ಚೆನ್ನಾಗೇ ಹಾಡುತ್ತೆ,” ಅಂದಳು ಹೆಂಡತಿ ತುಮಿನಾ.

“ಸಾಕಿದವನನ್ನ ಬಿಟ್ಟು ಯಾರಿಗೆ ಹಾಡುತ್ತೆ? ನಿನಗಾ?” ಎಂದು ನಕ್ಕ.

ನಕ್ಕರೂ ತಲೆಗೆ ಹುಳ ಹೊಕ್ಕಿತ್ತು. ಹಕ್ಕಿ ಕಳ್ಳರ ಕಾಟ ಎಂದು ನೆಪ ಹೇಳಿ ಜಗುಲಿಯ ತೊಲೆಗೆ ಕ್ಯಾಮೆರಾ ಹಾಕಿಸಿದ. ಅದು ನೋಡುವುದರ ಜೊತೆಗೆ ಕೇಳಿಸಿಕೊಂಡು ಮುದ್ರಿಸಿಯೂ ಇಡುತ್ತದೆ ಎಂಬುದನ್ನು ಮಾತ್ರ, ಎಲ್ಲವನ್ನೂ ಸಾರುವ ಮಹಾರಾಯ, ಸಾರಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ಗಾಡಿಯ ಬೆಂಚಿನ ಮೇಲೆ ಕೂತು ಫೋನನ್ನು ಕಿವಿಗೊತ್ತಿಕೊಂಡ. ಹಕ್ಕಿ ಎದೆ ಬಿಚ್ಚಿ ಹಾಡುತ್ತಿತ್ತು. ಅದರ ನಡುನಡುವೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ತುಮಿನಾಳ ದನಿ.

“ನೋಡು ಮಗಾ, ಎಡ ಮಂಡಿ ಬಗ್ಗೋದೇ ಇಲ್ಲ. ಡಾಕ್ಟರ ಹತ್ರ ಹೋಗ್ಲಾ, ಬೇಡ್ವಾ?”

ಹಕ್ಕಿ ಉದ್ದಕ್ಕೆ ರಾಗ ಎಳೆಯಿತು.

“ಹೋಗು ಅಂತೀಯಾ? ನಿನಗಾದ್ರೂ ಅನ್ನಿಸ್ತಲ್ಲ.”

ಇನ್ನೊಂದು ದಿನ: “ಕ್ಲಾಟೆನ್‌ನಲ್ಲಿ ತಂಗಿ ಮಗಳ ಮದುವೆ. ಒಬ್ಳೇ ಹೋಗೋಕೆ ಮನಸ್ಸಿಲ್ಲ. ಅವರನ್ನ ಕರೆಯೋಣ ಅಂದ್ರೆ, ನಾನು ಬಾಯಿ ತೆರೆಯೋಷ್ಟರಲ್ಲಿ ಎರಡನೇ ಪ್ಲಾಟ್‌ಫಾರಂಗೆ ಗಾಡಿ ಬಂದುಬಿಟ್ಟಿರುತ್ತೆ.”

ಮರ್ಸುದಿಗೆ ಮೊದಲು ನಗು ಬಂತು. ಆಮೇಲೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಏನಾದರೂ ಹೇಳಬೇಕು ಎಂದು ಮನೆಗೆ ಬಂದರೆ ಬಾಯಿಂದ ಹೊರಟದ್ದು, “ಊಟಕ್ಕೆ ಕೂರ್ತಾ ಇದ್ದೀನಿ.”

ಹೀಗೇ ಹನ್ನೊಂದು ದಿನ ಕದ್ದು ಕೇಳಿದ. ಹನ್ನೊಂದನೆಯ ದಿನ, ಹಿಂದಿನ ದಿನದ ಮುದ್ರಣದ ಕೊನೆಯವರೆಗೂ ಹೋದ. ಗೇಟು ಕಿರುಗುಟ್ಟಿತು, ತಾನು ಬಂದೆನೆಂದು ತಾನೇ ಸಾರಿದ್ದು ಕೇಳಿಸಿತು. ತಕ್ಷಣ ಹಕ್ಕಿ ನಿಲ್ಲಿಸಿತು. ತುಮಿನಾ ಕೂಡ ಅರ್ಧ ಮಾತಿನಲ್ಲೇ ನಿಲ್ಲಿಸಿದಳು. ಅಷ್ಟು ಭಾಗವನ್ನು ಮೂರು ಸಲ ಹಾಕಿ ಕೇಳಿದ. ಹಕ್ಕಿ ಸುಮ್ಮನಾದರೆ ಹೋಗುವುದು ಒಂದು ಪಂದ್ಯ. ಇವಳು ಹೀಗೇ ಸುಮ್ಮನಾಗುತ್ತ ಹೋದರೆ ಮನೆಯಲ್ಲಿ ಉಳಿಯುವುದು ತನ್ನ ದನಿ ಒಂದೇ. ಮರ್ಸುದಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು.

ಭಾನುವಾರ ಪಂದ್ಯಕ್ಕೆ ಕರೆಯಲು ನೆರೆಮನೆಯ ಜಾರೋಟ್ ಮೋಟಾರುಬೈಕು ತಂದು ನಿಲ್ಲಿಸಿದ. “ನೀನು ಹೋಗಪ್ಪಾ,” ಎಂದು ಅವನನ್ನು ಸಾಗಹಾಕಿ, ಮರ್ಸುದಿ ಕ್ಯಾಮೆರಾ ಬಿಚ್ಚಿ ತುಮಿನಾಳ ಮುಂದಿಟ್ಟ. ತೊದಲುತ್ತ ಎಲ್ಲವನ್ನೂ ಒಪ್ಪಿಕೊಂಡ.

ನೆಲದ ಮೇಲೆ ಕೂತು ಮೊರದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ ತುಮಿನಾ ಸೆರಗಿಗೆ ಕೈ ಒರೆಸಿಕೊಂಡಳು.

“ಹನ್ನೊಂದು ದಿನ ಕೇಳಿಸ್ಕೊಂಡ್ರಾ?”

“ಹೂಂ.”

“ಎಲ್ಲಾನೂ?”

“ಎಲ್ಲಾನೂ.”

“ಕದ್ದು ಕೇಳಿದ್ದಕ್ಕೆ ಆಮೇಲೆ ವಿಚಾರಿಸ್ಕೋತೀನಿ, ಯಜಮಾನ್ರೇ. ಅಷ್ಟೆಲ್ಲ ಕೇಳಿದ್ರಲ್ಲ, ಒಂದಕ್ಕಾದ್ರೂ ಉತ್ತರ ಕೊಟ್ರಾ?”

ಮರ್ಸುದಿ ನೆಲದ ಮೇಲೆ ಅವಳ ಪಕ್ಕ ಕುಕ್ಕರಿಸಿದ.

“ಮಂಡಿ... ಮೆಟ್ಟಿಲು ಹತ್ತುವಾಗ ನೋಯುತ್ತಾ, ಇಳಿಯುವಾಗಾ?”

ತುಮಿನಾ ಮೊರ ಪಕ್ಕಕ್ಕಿಟ್ಟು ಹೇಳತೊಡಗಿದಳು. ಮಂಡಿಯಿಂದ ಶುರುವಾದದ್ದು ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಮರ್ಸುದಿ ಎರಡು ಸಲ ನಡುವೆ ಬಾಯಿ ಹಾಕಲು ಹೋಗಿ, ಎರಡು ಸಲವೂ ಮಾತು ನುಂಗಿಕೊಂಡ.