ಗಂಟಲಪ್ಪ ವಿಲನ್ ಆದದ್ದು

ನಮ್ಮಣ್ಣನ ಮುಖ ಊರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ, ಗಂಟಲು ಮಾತ್ರ ಎಲ್ಲರಿಗೂ ಗೊತ್ತು. ದೊಡ್ಡಾಸ್ಪತ್ರೆಯ ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ" ಎನ್ನುವವನು ಅವನೇ. ನೆಗಡಿ ಮಾತ್ರೆಯ ಜಾಹೀರಾತಿನಲ್ಲಿ ಸೀನುವವನೂ ಅವನೇ. ಕಾರ್ಟೂನಿನಲ್ಲಿ ಕರಡಿ, ಸೀರಿಯಲ್ಲಿನಲ್ಲಿ ಮಾವನವರು, ಹೀಗೆ ಮೂವತ್ತು ವರ್ಷ ಕಂಡವರ ಬಾಯಿಗೆ ಮಾತು ಕೊಟ್ಟೇ ಹೊಟ್ಟೆ ಹೊರೆದಿದ್ದಾನೆ. ಡಬ್ಬಿಂಗ್ ಸ್ಟುಡಿಯೊದವರು ಅವನಿಗಿಟ್ಟ ಹೆಸರು ಗಂಟಲಪ್ಪ.

ನಾನು ಅವನ ಒಬ್ಬಳೇ ತಂಗಿ, ಡ್ರೈವಿಂಗ್ ಕಲಿಸುವವಳು. ನನಗೀಗ ನಲವತ್ತಾರು, ಅವನ ಬಾಯಲ್ಲಿ ಇಂದಿಗೂ ಪುಟ್ಟಿ. ಚಿಕ್ಕಂದಿನಲ್ಲಿ ನಾನು ಜ್ವರ ಬಂದು ಮಲಗಿದರೆ ಅವನು ಹೆಡ್‌ಮಾಸ್ಟರ ಹಾಗೆ, ಎದುರುಮನೆ ಅಜ್ಜಿಯ ಹಾಗೆ, ಕೊನೆಗೆ ಬಚ್ಚಲಿನ ನಲ್ಲಿಯ ಹಾಗೂ ಮಾತಾಡಿ ನಗಿಸುತ್ತಿದ್ದ. ಅಂಥ ಅಣ್ಣನ ಫೋನ್ ಬಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು ಎಂದರೆ ಯಾರೂ ನಂಬುವುದಿಲ್ಲ. ನಿಜವಾಗಿಯೂ ಉರಿಯುತ್ತಿತ್ತು.

ಹೋದ ವರ್ಷ ಅವನಿಗೆ ಒಂದು ವಿಡಿಯೊ ಗೇಮ್‌ನಲ್ಲಿ ವಿಲನ್ ಪಾತ್ರ ಸಿಕ್ಕಿತು. ಅಷ್ಟು ಹೊತ್ತಿಗೆ ಲಿಫ್ಟು, ಜಾಹೀರಾತಿನ ಹೊಸ ಕೆಲಸಗಳೆಲ್ಲ ಕಂಪ್ಯೂಟರ್ ದನಿಯ ಪಾಲಾಗಿದ್ದವು. ಇದೂ ಕೈತಪ್ಪಿದರೆ ಮೂವತ್ತು ವರ್ಷದ ಕಸುಬಿಗೆ ಬೀಗ ಹಾಕಿದ ಹಾಗೆಯೇ. ಅಣ್ಣ ಜೀವ ತೇಯ್ದು ಕೆಲಸ ಮಾಡಿದ. ಆಟದ ವಿಲನ್‌ಗೆ ಬರೀ ಮಾತು ಸಾಲದಂತೆ. ಏಟು ತಿಂದಾಗ ಹನ್ನೆರಡು ಬಗೆಯ ನರಳಾಟ, ಎತ್ತರದಿಂದ ಬಿದ್ದಾಗ ಆರು ಬಗೆಯ ಕಿರುಚಾಟ, ಸಾಯುವುದು ಒಂಬತ್ತು ಸಲ. ಒಂಬತ್ತು ಸಲ ಸತ್ತ ದಿನ ಮನೆಗೆ ಬಂದು, ಬಿಸಿನೀರು ಕುಡಿಯುತ್ತ ಕೈಸನ್ನೆಯಲ್ಲೇ ಮಾತಾಡಿದನೆಂದು ಅತ್ತಿಗೆ ಹೇಳಿ ನಕ್ಕರು.

ಇಷ್ಟಾದರೂ, ಅಂಗಡಿಗೆ ಬಿಡುವ ಮುಂಚೆ ಆಟವನ್ನು ಆಡಿ ನೋಡಲು ಬಂದವರಿಗೆ ಈ ವಿಲನ್ ಹಿಡಿಸಲಿಲ್ಲ. ಅಣ್ಣನ ಗುಡುಗು ಶುರುವಾದ ತಕ್ಷಣ ಗುಂಡಿ ಒತ್ತಿ, ಮಾತು ಹಾರಿಸಿ ಮುಂದೆ ಹೋಗಿಬಿಡುತ್ತಿದ್ದರು. ಆಟದ ಡೈರೆಕ್ಟರ್ ಅವನ ಅರ್ಧ ವಯಸ್ಸಿನ ಹುಡುಗಿ. ಮುಲಾಜಿಲ್ಲದೆ ಹೇಳಿದಳು.

"ಸಾರ್, ಇವನು ಬರೀ ಕೂಗ್ತಾನೆ. ಕೂಗೋನಿಗೆ ಜನ ಕಿವಿ ಮುಚ್ಕೋತಾರೆ ಅಷ್ಟೆ. ಇವನು ಬಂದ್ರೆ ಮಜಾ ಬರ್ಬೇಕು, ಜೊತೆಗೇ ಇವನಿಗೆ ಎರಡು ಬಾರಿಸ್ಬೇಕು ಅಂತ ಕೈ ತುರಿಸ್ಬೇಕು. ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

"ನಗಿಸೋನ ಮೇಲೆ ಯಾರಿಗಮ್ಮ ಅಷ್ಟು ಸಿಟ್ಟು ಬರುತ್ತೆ?" ಎಂದು ಕೇಳಿದನಂತೆ ಅಣ್ಣ.

ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ.

ಬುಧವಾರ ಮಧ್ಯಾಹ್ನ ನಾನೇ ಅವನಿಗೆ ಫೋನ್ ಮಾಡಿದೆ. ಹದಿನಾರು ವರ್ಷ ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದವಳು ಅಂದು ಸ್ವಂತ ಕಾರು ತಂದಿದ್ದೆ. ಕಲಿಸುವವರ ಕಾಲಿನ ಬಳಿಯೂ ಒಂದು ಬ್ರೇಕ್ ಇರುವ ಕಾರು. ಮೊದಲು ಅಣ್ಣನಿಗೇ ಹೇಳಬೇಕು ಅನಿಸಿತು. ಯಾಕೆ ಅನಿಸಿತೋ, ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಅವನು ಸ್ಟುಡಿಯೊದಲ್ಲಿದ್ದ. ಚಹಾದ ಬಿಡುವು. ಹೊರಗೆ ಗದ್ದಲವೆಂದು ರೆಕಾರ್ಡಿಂಗ್ ಕೋಣೆಯಲ್ಲಿ, ಮೈಕಿನ ಮುಂದೆ ಕೂತೇ ಮಾತಾಡಿದ.

"ಭೇಷ್! ನಮ್ಮ ಪುಟ್ಟಿ ಕಾರು ತಗೊಂಡ್ಳಾ! ಏನು, ಬ್ರೇಕು ಎರಡಾ? ಸದ್ಯ, ರಸ್ತೇಲಿ ಓಡಾಡೋರು ಪುಣ್ಯ ಮಾಡಿದ್ರು!"

ನಾನೂ ನಕ್ಕೆ. ನನ್ನ ನಗು ನಿಲ್ಲುವ ಮುಂಚೆಯೇ ಅವನ ದನಿ ಮೆತ್ತಗಾಯಿತು.

"ನಿನ್ನ ಕೈಲಾಗಲ್ಲ ಅಂತ ಯಾರಂದ್ರು? ನಾನಂತೂ ಅನ್ನಲ್ಲಮ್ಮ. ಆಸೆ ಪಟ್ಟಿದೀಯ, ನಾಲ್ಕು ದಿನ ಆಡ್ಕೋ. ಸುಸ್ತಾದ್ಮೇಲೆ ಹೇಳು, ನಾನಿದೀನಲ್ಲ. ನಿನ್ನ ಒಳ್ಳೇದಕ್ಕೇ ಹೇಳೋದು."

ಫೋನ್ ಇಟ್ಟ ಮೇಲೆ ಕಾರಿನ ಬಣ್ಣವೇ ಮಂಕಾಗಿ ಕಂಡಿತು. ಕೆಲಸಕ್ಕೆ ಸೇರಿದಾಗ, ಮನೆ ಬದಲಿಸಿದಾಗ, ಪ್ರತಿ ಸಲವೂ ಇದೇ ಕಥೆ. ಮೊದಲು ನಗಿಸಿ ಹತ್ತಿರ ಕೂರಿಸಿಕೊಳ್ಳುತ್ತಾನೆ, ಆಮೇಲೆ ಕೂತ ಕುರ್ಚಿಯನ್ನೇ ಎಳೆಯುತ್ತಾನೆ. ಬರೀ ಕೆಟ್ಟವನಾಗಿದ್ದರೆ ಎಂದೋ ದೂರ ಇಡಬಹುದಿತ್ತು. ಅವನ ಮಾತು ಕೇಳಲು ನನಗೆ ಇಷ್ಟ, ಅದೇ ತೊಂದರೆ. ಸಾಲದ್ದಕ್ಕೆ ನನಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಅವನು ಮನಸಾರೆ ನಂಬಿದ್ದ. ಅಂಥವನನ್ನು ಯಾವ ಬಾಯಲ್ಲಿ ಬೈಯುವುದು?

ಆ ಸ್ಟುಡಿಯೊದಲ್ಲಿ ರೆಕಾರ್ಡಿಂಗನ್ನು ನಡುವೆ ನಿಲ್ಲಿಸುವ ಪದ್ಧತಿಯೇ ಇಲ್ಲ. ಬೆಳಿಗ್ಗೆ ಶುರುವಾದರೆ ಸಂಜೆಯವರೆಗೂ ಓಡುತ್ತಿರುತ್ತದೆ. ಸೌಂಡ್ ಎಂಜಿನಿಯರ್ ಆಮೇಲೆ ಅದನ್ನು ತುಂಡು ಮಾಡಿ, ನಂಬರ್ ಹಾಕಿ, ಆಟಕ್ಕೆ ಸೇರಿಸುತ್ತಾರೆ. ಅಂದು ಅವಸರದಲ್ಲಿ ನಂಬರ್ ತಪ್ಪಿತು. ಆಡುವವರಿಗೆ ಹೊಸ ಕತ್ತಿ ಸಿಕ್ಕಾಗ ಬರಬೇಕಿದ್ದ ಗುಡುಗಿನ ಜಾಗದಲ್ಲಿ ಅಣ್ಣನ ಫೋನಿನ ಮಾತು ಹೋಗಿ ಕೂತಿತು.

ಗುರುವಾರ ಆಡಲು ಬಂದವರು, ಕೋಟೆಯ ಮೇಲೆ ನಿಂತ ಕೊಂಬಿನ ವಿಲನ್ "ನಮ್ಮ ಪುಟ್ಟಿ ಕಾರು ತಗೊಂಡ್ಳಾ" ಎಂದದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮುಂದಿನ ಮಾತು ಬರುತ್ತಿದ್ದಂತೆ ಒಬ್ಬಳು ಕುರ್ಚಿ ಬಿಟ್ಟು ಎದ್ದಳು. "ಅಯ್ಯೋ, ಇವನು ಥೇಟ್ ನಮ್ಮ ಚಿಕ್ಕಪ್ಪ! ಇವತ್ತು ಇವನನ್ನ ಬಿಡಲ್ಲ ನಾನು!" ಯಾರೂ ಗುಂಡಿ ಒತ್ತಲಿಲ್ಲ. ಕೆಲವರು ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿ, ಇನ್ನೊಮ್ಮೆ ಹಲ್ಲು ಕಡಿದರು.

ಡೈರೆಕ್ಟರ್ ಅಣ್ಣನನ್ನು ಕರೆಸಿ, ಕಿವಿಗೆ ಹೆಡ್‌ಫೋನ್ ಹಾಕಿದಳು. "ಇದೇ ಸಾರ್! ಪುಟ್ಟಿ, ಕಾರು ಎರಡನ್ನೂ ತೆಗೀತೀವಿ. ಆದ್ರೆ ಪೂರ್ತಿ ಪಾತ್ರಕ್ಕೆ ಇದೇ ದನಿ ಬೇಕು. ಎಲ್ಲಿಂದ ತಂದ್ರಿ ಇದನ್ನ?"

ಶನಿವಾರ ಬೆಳಿಗ್ಗೆ ಅಣ್ಣ ನಮ್ಮ ಮನೆಗೆ ಬಂದ. ಬಂದಾಗಲೆಲ್ಲ ನಮ್ಮ ಕಿಟಕಿ ಪರದೆಯ ಬಣ್ಣವನ್ನು ಆಡಿಕೊಳ್ಳುವವನು ಅಂದು ಅದರತ್ತ ನೋಡದೆಯೇ ಕೂತಾಗ ನನಗೆ ಗಾಬರಿಯಾಯಿತು.

"ಪಾತ್ರ ಉಳೀತು ಕಣೇ," ಎಂದ. ಮುಖ ಮಾತ್ರ ಸಪ್ಪಗಿತ್ತು. ನಡೆದದ್ದನ್ನೆಲ್ಲ ಹೇಳಿ ಮುಗಿಸಿ ಕೇಳಿದ, "ನಾನು ನಿನ್ನ ಹತ್ರ ಯಾವಾಗ್ಲೂ ಹೀಗೇನಾ ಮಾತಾಡೋದು?"

"ಹೂಂ."

"ಯಾವಾಗಿಂದ?"

"ನಾನು ಸೈಕಲ್ ಕಲಿತಾಗಿಂದ."

ನಗೆಚಾಟಿಕೆ ಬರುತ್ತದೆಂದು ಕಾದೆ. ಬರಲಿಲ್ಲ.

"ಕೇಳಿಸ್ಕೊಂಡ್ರೆ ನನ್ನ ಬಾಯಿಗೆ ನಾನೇ ಹೊಡ್ಕೋಬೇಕು ಅನ್ನಿಸ್ತು. ನಿನಗೆ ಹೇಗಾಗಿರ್ಬೇಕು ಪುಟ್ಟಿ? ತಪ್ಪಾಯ್ತು."

ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಎದೆಯಿಂದ ಇಳಿದುಹೋಯಿತು. ಜಗಳವಿಲ್ಲದೆ, ನಾನು ಬಾಯಿ ಬಿಡುವ ಮೊದಲೇ ಅವನಿಗೆ ತಿಳಿದಿತ್ತು. ಅಳುವೂ ಬಂತು, ನಗುವೂ ಬಂತು.

ಆಟ ಈಗ ಅಂಗಡಿಯಲ್ಲಿದೆ. ನಾನು ಹದಿನಾರು ಸಲ ಸೋತು ಹದಿನೇಳನೆಯ ಸಲ ವಿಲನ್‌ನನ್ನು ಕೋಟೆಯಿಂದ ಕೆಡವಿದೆ. ಫೋನ್ ಮಾಡಿ ಹೇಳಿದರೆ ಅಣ್ಣ "ಭೇಷ್!" ಎಂದ. ಮುಂದಿನ ಮಾತಿಗಾಗಿ ಉಸಿರು ಬಿಗಿಹಿಡಿದೆ. ಕೊಂಕು ಬರಲೇ ಇಲ್ಲ. ಬದಲಿಗೆ, "ಐವತ್ತೆರಡಾಯ್ತು, ನನಗೂ ಡ್ರೈವಿಂಗ್ ಕಲಿಸ್ತೀಯಾ?" ಎಂದ.

ಮೊದಲ ಪಾಠಕ್ಕೆ ಬೆವರುತ್ತ ಬಂದ. ಮೂರು ಸಲ ಸ್ಟಾರ್ಟ್ ಮಾಡಿದ, ಮೂರು ಸಲವೂ ಕಾರು ಜರ್ಕ್ ಹೊಡೆದು ನಿಂತಿತು. ಅವನದೇ ಮೆತ್ತನೆ ದನಿ ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಎಷ್ಟು ಸಲೀಸಾಗಿ ಬರುತ್ತದೆ ಅದು! ನುಂಗಿಕೊಂಡು, ಬ್ರೇಕಿನ ಮೇಲಿಂದ ನನ್ನ ಕಾಲು ತೆಗೆದೆ.

"ಇನ್ನೊಂದ್ ಸಲ ಮಾಡಣ್ಣ," ಎಂದೆ. "ಬರುತ್ತೆ."